ಕಡಲಾಳದ ಟಿಕ್ ಟಿಕ್

ಮೊನಾಕೊದ ಯುವರಾಜ ಆಲ್ಬರ್ಟ್ 1885ರಿಂದ 1887ರವರೆಗೆ, ನೀರು ಎತ್ತ ಹರಿಯುತ್ತದೆಂದು ತಿಳಿಯಲು, ಅಟ್ಲಾಂಟಿಕ್ ಸಾಗರಕ್ಕೆ ಬಾಟಲಿ, ಪೀಪಾಯಿ, ತಾಮ್ರದ ಗೋಳ ಎಂದು ಒಟ್ಟು 1,675 ತೇಲುಗಳನ್ನು ಬಿಡಿಸಿದ. ಒಳಗಿದ್ದ ಚೀಟಿಯಲ್ಲಿ ಒಂದೇ ಕೋರಿಕೆ: ಸಿಕ್ಕ ಜಾಗ, ಸಿಕ್ಕ ದಿನ ಬರೆದು ತಿಳಿಸಿ. ಹಿಂತಿರುಗಿದ್ದು 227. ಹೊರಟ ಜಾಗ, ಸೇರಿದ ಜಾಗ ಗೊತ್ತಾಯಿತು. ನಡುವೆ ತೇಲು ಎಲ್ಲೆಲ್ಲಿ ಸುತ್ತಿತು ಎಂಬುದನ್ನು ಊಹೆಯಿಂದಲೇ ತುಂಬಬೇಕಿತ್ತು. ಮೇಲಾಗಿ ಇದೆಲ್ಲ ಮೇಲ್ಮೈಯ ಕತೆ.

ಆಳದ ನೀರಿನ ಬೆನ್ನು ಹತ್ತಿದವನು ಇಂಗ್ಲೆಂಡಿನ ಜಾನ್ ಸ್ವಾಲೋ. 1955ರ ಹೊತ್ತಿಗೆ ಅವನ ಕೈಯಲ್ಲಿದ್ದದ್ದು ಕಟ್ಟಡದವರು ಸಾರುವೆ ಕಟ್ಟಲು ಬಳಸುವ ಅಲ್ಯೂಮಿನಿಯಂ ಕೊಳವೆ! ಅದನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ತೆಳುಮಾಡಿ, ತೂಕವನ್ನು ಗ್ರಾಂ ಲೆಕ್ಕದಲ್ಲಿ ಹೊಂದಿಸಿದ. ಒತ್ತಡಕ್ಕೆ ಕಡಲ ನೀರು ಕುಗ್ಗುವಷ್ಟು ಈ ಕೊಳವೆ ಕುಗ್ಗುವುದಿಲ್ಲ. ಹಾಗಾಗಿ ಇಳಿಯುತ್ತ ಇಳಿಯುತ್ತ, ಎರಡರ ಸಾಂದ್ರತೆ ಸಮವಾದ ಆಳದಲ್ಲಿ ನಿಂತು, ಅಲ್ಲಿನ ನೀರಿನೊಡನೆಯೇ ಸಾಗುತ್ತದೆ. ಒಳಗಿನ ಬ್ಯಾಟರಿಯ ಬಲದಿಂದ ಅದು ಟಿಕ್ ಟಿಕ್ ಸದ್ದು ಹೊರಡಿಸುತ್ತದೆ. ಹಡಗಿನ ಮುಂದೊಂದು, ಹಿಂದೊಂದು ಹೈಡ್ರೋಫೋನ್ (ನೀರೊಳಗಿನ ಮೈಕು) ಇಳಿಬಿಟ್ಟು, ಯಾವುದಕ್ಕೆ ಸದ್ದು ಮೊದಲು ಮುಟ್ಟಿತೆಂದು ನೋಡಿ ದಿಕ್ಕು ಗುರುತಿಸುತ್ತಿದ್ದರು.

1957ರಲ್ಲಿ ಇದೇ ತೇಲು, ಗಲ್ಫ್ ಸ್ಟ್ರೀಮ್ ಪ್ರವಾಹದ ಅಡಿಯಲ್ಲಿ ನೀರು ದಕ್ಷಿಣಕ್ಕೆ ಹರಿಯುತ್ತದೆಂಬ ಸಾಗರ ವಿಜ್ಞಾನಿ ಹೆನ್ರಿ ಸ್ಟಾಮೆಲ್‌ನ ಲೆಕ್ಕಾಚಾರವನ್ನು ನಿಜಮಾಡಿ ತೋರಿಸಿತು.

ನಿಜವಾದ ಪೆಟ್ಟು ಬಿದ್ದದ್ದು ಬರ್ಮುಡಾದ ಬಳಿ, 1960ರಲ್ಲಿ. ಆಳದ ನೀರು ಆಮೆಗತಿಯಲ್ಲಿ ಒಂದೇ ದಿಕ್ಕಿಗೆ ಸರಿಯುತ್ತದೆ ಎಂಬುದು ಅಂದಿನ ನಂಬಿಕೆ. ಏರೀಸ್ ಎಂಬ ಪುಟ್ಟ ಹಾಯಿಹಡಗು ತೇಲುಗಳನ್ನು ಬಿಟ್ಟು, ಬಂದರಿಗೆ ಹೋಗಿ ಬಂದರೂ ಅವು ಅಲ್ಲೇ ಆಸುಪಾಸಿನಲ್ಲಿ ಸಿಗುತ್ತವೆ ಎಂದುಕೊಂಡಿತ್ತು. ಸಿಗಲಿಲ್ಲ. ನಿರೀಕ್ಷೆಗಿಂತ ಸುಮಾರು ಹತ್ತು ಪಟ್ಟು ವೇಗ. ಅದೂ ಬೇರೆ ಬೇರೆ ದಿಕ್ಕಿಗೆ. ದೊಡ್ಡ ಸುಳಿಗಳು ಕಡಲಾಳದಲ್ಲೂ ಸುತ್ತುತ್ತಿದ್ದವು. ಸರಾಸರಿ ಹರಿವನ್ನು ಬಾಣಗಳಲ್ಲಿ ತೋರಿಸುವ ನಕ್ಷೆಯಲ್ಲಿ ಇಂಥ ಸುಳಿಗೆ ಜಾಗವೇ ಇರುವುದಿಲ್ಲ, ಕೂಡಿ ಕಳೆದರೆ ಅದು ಅಳಿಸಿಹೋಗುತ್ತದೆ. ಒಂದೊಂದು ತೇಲಿನ ಜಾಡನ್ನೇ ಗೆರೆಯಾಗಿ ಎಳೆದಾಗ ಮಾತ್ರ ಕಾಣುತ್ತದೆ. ಮುಂದೆ ನೂರಾರು ಜಾಡುಗಳು ಸೇರಿದ ನಕ್ಷೆಗಳು ಶ್ಯಾವಿಗೆ ಚೆಲ್ಲಿದಂತೆ ಕಾಣತೊಡಗಿದವು, ನೋಡಲು ಗೋಜಲೋ ಗೋಜಲು.

ಈಗ ಜಗತ್ತಿನ ಸಾಗರಗಳಲ್ಲಿರುವ ಆರ್ಗೊ ಎಂಬ ತೇಲುಗಳು ಸುಮಾರು 4,000. 1,000 ಮೀಟರ್ ಆಳದಲ್ಲಿ ತೇಲುತ್ತ, ಸಾಮಾನ್ಯವಾಗಿ ಹತ್ತು ದಿನಕ್ಕೊಮ್ಮೆ ಮೇಲೆದ್ದು ಉಪಗ್ರಹಕ್ಕೆ ಸುದ್ದಿ ಕಳಿಸುತ್ತವೆ. ಭಾರತದ ಪಾಲಿನ ಕೆಲಸವನ್ನು ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್ಕಾಯಿಸ್ ನೋಡಿಕೊಳ್ಳುತ್ತದೆ. ಆದರೆ ಹತ್ತು ದಿನದೊಳಗೆ ಒಂದು ಸುತ್ತು ಹಾಕಿ ಬಂದ ತೇಲಿನ ತಿರುವುಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಅಷ್ಟು ಸೂಕ್ಷ್ಮ ಜಾಡು ಬೇಕಾದವರು ಇಂದಿಗೂ ಸದ್ದನ್ನೇ ನೆಚ್ಚಿದ್ದಾರೆ. ವ್ಯತ್ಯಾಸವಿಷ್ಟೆ: ರಾಫೋಸ್ ಎಂಬ ತೇಲುಗಳಲ್ಲಿ ಕೂಗುವುದು ಕಡಲಲ್ಲಿ ಲಂಗರು ಹಾಕಿದ ಯಂತ್ರ, ಕೇಳಿಸಿಕೊಳ್ಳುವುದು ತೇಲು.