"ಸಾಕು, ನಿಲ್ಲಿಸಿ" ಅನ್ನೋರು ಯಾರು? ಅಮೆರಿಕದ ಕಾಲೇಜು ಮೈದಾನದ ಟ್ರೇನರ್ ಕಥೆ

ಇವತ್ತಿನ ಸಂಚಿಕೆ ಅಮೆರಿಕದ ಕಾಲೇಜು ಕ್ರೀಡೆಯ ಬಗ್ಗೆ. ಆದ್ರೆ ಆಟಗಾರರ ಕಥೆ ಅಲ್ಲ, ಕೋಚ್ ಕಥೆನೂ ಅಲ್ಲ. ಮೈದಾನದ ಅಂಚಲ್ಲಿ ಟೇಪು, ಕತ್ತರಿ, ಐಸು ಇಟ್ಕೊಂಡು ಒಬ್ರು ನಿಂತಿರ್ತಾರಲ್ಲ, ಅವರ ಕಥೆ. ಅವರನ್ನ ಅಥ್ಲೆಟಿಕ್ ಟ್ರೇನರ್ ಅಂತಾರೆ.

ಟ್ರೇನರ್ ಅಂದ ತಕ್ಷಣ ನಮಗೆ ನೆನಪಾಗೋದು ಜಿಮ್‌ನಲ್ಲಿ ಡಂಬೆಲ್ ಎತ್ತಿಸೋರು. ಇವರು ಅವರಲ್ಲ. ಗಾಯ ಆಗದ ಹಾಗೆ ನೋಡ್ಕೊಳ್ಳೋದು, ಆದ್ರೆ ಮೊದಲ ನಿಮಿಷದಲ್ಲೇ ಉಪಚಾರ ಮಾಡೋದು, ಆಟಗಾರ ಮತ್ತೆ ಯಾವಾಗ ಆಡಬಹುದು ಅಂತ ತಂಡದ ವೈದ್ಯರ ಜೊತೆ ಸೇರಿ ತೀರ್ಮಾನಿಸೋದು ಇವರ ಕೆಲಸ. ಈಗ ಪ್ರಶ್ನೆ ಏನಪ್ಪಾ ಅಂದ್ರೆ, ಹುಡುಗನೊಬ್ಬ ತತ್ತರಿಸ್ತಿರುವಾಗ ಕೋಚ್ ಎದುರು ನಿಂತು "ಸಾಕು, ನಿಲ್ಲಿಸಿ" ಅನ್ನೋ ಅಧಿಕಾರ ಇವರಿಗೆ ಇದೆಯಾ? ಅದೂ ಕೆಲಸಕ್ಕೆ ಸೇರಿ ಆರು ತಿಂಗಳಾದ ಹೊಸಬರಿಗೆ?

ಶುರುವಿನಿಂದ ನೋಡೋಣ. 1881ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಜೇಮ್ಸ್ ರಾಬಿನ್ಸನ್ ಎಂಬವರನ್ನು ತನ್ನ ಫುಟ್ಬಾಲ್ ಆಟಗಾರರ ಮೈ ಹುರಿಗೊಳಿಸಲು ನೇಮಿಸಿಕೊಂಡಿತು. ಈ ವೃತ್ತಿಯ ಇತಿಹಾಸವನ್ನ ಸಾಮಾನ್ಯವಾಗಿ ಇಲ್ಲಿಂದಲೇ ಹೇಳ್ತಾರೆ. ಆಗ ಇದಕ್ಕೆ ಓದೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಮೈ ತಿಕ್ಕೋದು, ಎಣ್ಣೆ ಹಚ್ಚೋದು, ಓಡಿಸೋದು, ಅಷ್ಟೇ.

ಆದ್ರೆ ಅಮೆರಿಕನ್ ಫುಟ್ಬಾಲ್ ಆಗ ಜೀವ ತೆಗೆಯೋ ಆಟ. 1905ರ ಸೀಸನ್‌ನಲ್ಲಿ ಹಾರ್ವರ್ಡ್ ತಂಡದ ವೈದ್ಯರು ಒಂದೊಂದೇ ಗಾಯ ಬರೆದಿಟ್ಟುಕೊಂಡು ಹೋದ್ರು. ಒಂದೇ ತಂಡದಲ್ಲಿ, ಒಂದೇ ಸೀಸನ್‌ನಲ್ಲಿ 145 ಗಾಯಗಳು! ಅದೇ ವರ್ಷ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನ ಶ್ವೇತಭವನಕ್ಕೇ ಕರೆಸಿ ಮಾತಾಡಿದ್ರು. 1906ರಲ್ಲಿ ಕಾಲೇಜುಗಳೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡವು. ಇವತ್ತಿನ ಎನ್‌ಸಿಎಎ ಅದೇ. ಆಟದ ನಿಯಮ ಬದಲಾಯ್ತು. ಗಾಯ ನೋಡ್ಕೊಳ್ಳೋರ ಸ್ಥಿತಿ ಮಾತ್ರ ಹಾಗೇ ಉಳೀತು.

ಈ ಕಸುಬಿಗೆ ಪುಸ್ತಕ ಅಂತ ಬಂದದ್ದು 1910ರ ದಶಕದಲ್ಲಿ, ಸ್ಯಾಮ್ಯುಯೆಲ್ ಬಿಲಿಕ್ ಬರೆದಾಗ. ಆಮೇಲೆ ಕಾನ್ಸಾಸ್‌ನ ಗಾರ್ಡ್ನರ್ ಎಂಬ ಊರಿನ ಕ್ರೇಮರ್ ಸಹೋದರರು ಬಂದ್ರು. ಉಳುಕಿಗೆ ಹಚ್ಚೋ ಮುಲಾಮು ಮಾರ್ತಾ ಮಾರ್ತಾನೇ ಟ್ರೇನರ್‌ಗಳಿಗಾಗಿ ಒಂದು ಪತ್ರಿಕೆಯನ್ನೂ ನಡೆಸಿದ್ರು. 1938ರಲ್ಲಿ ಟ್ರೇನರ್‌ಗಳು ಕಟ್ಟಿದ ಮೊದಲ ಸಂಘ ಯುದ್ಧದ ಕಾಲದಲ್ಲಿ ಮುಚ್ಚಿಹೋಯ್ತು. 1950ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಸುಮಾರು ನೂರು ಜನ ಸೇರಿ ಮತ್ತೆ ಕಟ್ಟಿದ್ರು, ಹೆಸರು ನ್ಯಾಟಾ. ಅದರ ಮೊದಮೊದಲ ಸಭೆಗಳ ಖರ್ಚಿಗೆ ಕೈ ಜೋಡಿಸಿದ್ದೂ ಅದೇ ಮುಲಾಮಿನ ಕಂಪನಿ!

ನ್ಯಾಟಾ 1959ರಲ್ಲಿ ಪಠ್ಯಕ್ರಮದ ಮಾದರಿ ಒಪ್ಪಿಕೊಂಡಿತು, 1970ರಲ್ಲಿ ಪ್ರಮಾಣಪತ್ರ ಪರೀಕ್ಷೆ ಶುರು ಮಾಡಿತು. 1972ರಲ್ಲಿ ಟೈಟಲ್ ನೈನ್ ಕಾನೂನು ಬಂದು ಕಾಲೇಜುಗಳಲ್ಲಿ ಹೆಣ್ಮಕ್ಕಳ ತಂಡಗಳು ಹೆಚ್ಚಾದವು, ಮಹಿಳಾ ಟ್ರೇನರ್‌ಗಳೂ ಬಂದ್ರು. ಇವತ್ತು ಈ ವೃತ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರೇ. 1990ರಲ್ಲಿ ಅಮೆರಿಕದ ವೈದ್ಯಕೀಯ ಸಂಘ ಇದನ್ನ ಆರೋಗ್ಯ ವೃತ್ತಿ ಅಂತ ಒಪ್ಪಿಕೊಂಡಿತು. 1881ರಿಂದ ಲೆಕ್ಕ ಹಾಕಿದ್ರೆ 109 ವರ್ಷ.

ಗೌರವ ಸಿಕ್ತು ಸರಿ, ಸಂಬಳ? ನಾನು ಕಾಮರ್ಸ್ ಓದಿದವನು, ಈ ಪ್ರಶ್ನೆ ಕೇಳ್ದೆ ಇರೋಕಾಗಲ್ಲ. ಹೊಸಬರಿಗೆ ಎಷ್ಟೋ ವರ್ಷ ಮೊದಲ ಮೆಟ್ಟಿಲು ಅಂದ್ರೆ ಗ್ರಾಜುಯೇಟ್ ಅಸಿಸ್ಟೆಂಟ್ ಹುದ್ದೆ. ಡಿಗ್ರಿ ಮುಗಿದಿರುತ್ತೆ, ಪರೀಕ್ಷೆ ಪಾಸಾಗಿರುತ್ತೆ. ಸ್ನಾತಕೋತ್ತರ ಓದಿನ ಶುಲ್ಕ ಮಾಫಿ, ಕೈಗೊಂದಿಷ್ಟು ಸ್ಟೈಪೆಂಡ್. ಅದಕ್ಕೆ ಬದಲಾಗಿ ಒಂದಿಡೀ ತಂಡದ ಹೊಣೆ: ಬೆಳಗಿನ ಜಾವ ಅಭ್ಯಾಸಕ್ಕೆ ಮುಂಚೆ ಪಾದಕ್ಕೆ ಟೇಪ್ ಸುತ್ತೋದ್ರಿಂದ ಹಿಡಿದು ವಾರಾಂತ್ಯದ ಬಸ್ ಪ್ರಯಾಣದವರೆಗೆ. ಕಾಲೇಜಿಗೆ ಪೂರ್ತಿ ಕೆಲಸಗಾರರೇ ಸಿಕ್ಕ ಹಾಗೆ, ಖರ್ಚು ಮಾತ್ರ ಕಮ್ಮಿ.

2015ರಲ್ಲಿ ಹೊಸ ತೀರ್ಮಾನ ಬಂತು: ಈ ವೃತ್ತಿಗೆ ಕಾಲಿಡೋಕೇ ಸ್ನಾತಕೋತ್ತರ ಪದವಿ ಬೇಕು. ಓದು ಗಟ್ಟಿಯಾಯ್ತು ನಿಜ. ಆದ್ರೆ ಮೊದಲು ಕೆಲಸ ಮಾಡ್ತಾ ಪುಕ್ಕಟೆ ಓದಬಹುದಾಗಿದ್ದ ಪದವಿಗೆ ಈಗ ಕೆಲಸಕ್ಕೂ ಮುಂಚೆಯೇ, ಬಹಳಷ್ಟು ಜನ ಸಾಲ ಮಾಡಿ, ದುಡ್ಡು ಕಟ್ಟಬೇಕು. ಸಾಲ ಹೊತ್ತು ಬಂದವರಿಗೆ ಕೋಚ್ ಜೊತೆ ಜಗಳ ಆಡೋದು ಸುಲಭನಾ?

ಇದು ಬರೀ ಸಂಬಳದ ಮಾತಲ್ಲ. 2018ರ ಮೇ 29ರಂದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಅಭ್ಯಾಸದಲ್ಲಿ, 19 ವರ್ಷದ ಜೋರ್ಡನ್ ಮೆಕ್‌ನೇರ್ ಸಾಲು ಸಾಲು ಓಟದ ಸುತ್ತುಗಳ ನಡುವೆ ಶಾಖಾಘಾತಕ್ಕೆ ಒಳಗಾದ. ಇದಕ್ಕೆ ಚಿಕಿತ್ಸೆ ಗೊತ್ತಿರೋದೇ: ಆ ಕ್ಷಣವೇ ತಣ್ಣೀರಿನ ತೊಟ್ಟಿಯಲ್ಲಿ ಕತ್ತಿನವರೆಗೂ ಮುಳುಗಿಸಬೇಕು. ಮೊದಲು ತಣಿಸು, ಆಮೇಲೆ ಆಸ್ಪತ್ರೆಗೆ ಸಾಗಿಸು ಅನ್ನೋದೇ ನಿಯಮ. ಅವತ್ತು ತೊಟ್ಟಿ ಬಳಸಲಿಲ್ಲ. ಅವನು ಆಸ್ಪತ್ರೆಗೆ ಹೊರಟಾಗ ಒಂದು ಗಂಟೆಗೂ ಹೆಚ್ಚು ಹೊತ್ತು ಕಳೆದಿತ್ತು. ಜೂನ್ 13ರಂದು ಜೋರ್ಡನ್ ತೀರಿಕೊಂಡ. ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರು ಕಾನೂನಿನ ಹೊಣೆ, ನೈತಿಕ ಹೊಣೆ ಎರಡನ್ನೂ ಒಪ್ಪಿಕೊಂಡ್ರು.

ಗಮನಿಸಿ, ಇದು ನಡೆಯೋ ಮೊದಲೇ ಎನ್‌ಸಿಎಎ ನಿಯಮ ಮಾಡಿಯಾಗಿತ್ತು: ಆಟಗಾರರ ಆರೋಗ್ಯದ ವಿಷಯದಲ್ಲಿ ವೈದ್ಯರು, ಟ್ರೇನರ್‌ಗಳ ಮಾತೇ ಅಂತಿಮ, ಕೋಚ್ ಅದನ್ನ ತಳ್ಳಿಹಾಕುವಂತಿಲ್ಲ. ಆದ್ರೆ ಎಷ್ಟೋ ಕಡೆ ಟ್ರೇನರ್‌ಗೂ ಕೋಚ್‌ಗೂ ಸಂಬಳ ಕೊಡೋದು ಒಂದೇ ಕ್ರೀಡಾ ವಿಭಾಗ. ಕೋಟಿಗಟ್ಟಲೆ ಸಂಬಳದ ಕೋಚ್ ಒಂದು ಕಡೆ, ಮೊದಲ ಕೆಲಸದ ಟ್ರೇನರ್ ಇನ್ನೊಂದು ಕಡೆ. ನಿಯಮ ಎಷ್ಟೇ ಚೆನ್ನಾಗಿರಲಿ, "ಬೇಡ" ಅಂದ ಮಾರನೇ ದಿನವೂ ಕೆಲಸ ಉಳಿಯುತ್ತೆ ಅನ್ನೋ ಧೈರ್ಯ ಇಲ್ಲದಿದ್ರೆ ಅದನ್ನ ಬಳಸೋರು ಯಾರು?

ಇನ್ನು ಮೇಲೆ ಯಾವುದೇ ಪಂದ್ಯ ನೋಡುವಾಗ, ಆಟಗಾರ ಬಿದ್ದ ತಕ್ಷಣ ಚೀಲ ಹಿಡ್ಕೊಂಡು ಓಡೋರನ್ನ ಒಂದ್ಸಲ ಗಮನಿಸಿ. ಅವರು ಕೈ ಅಡ್ಡ ಮಾಡಿದಾಗ ಕೋಚ್ ಸುಮ್ನಾಗ್ತಾರಾ ಅಂತ ನೋಡಿ. ನಿಮ್ಮ ಕಾಲೇಜು ಮೈದಾನದಲ್ಲಿ ಇಂಥವರು ಇದ್ರಾ? ಬರೆದು ಕಳಿಸಿ.