ವಿಳಾಸಕ್ಕೊಂದು ಮುಸುಕು

ವರ್ತಕರ ಲೆಕ್ಕದ ಪುಸ್ತಕಗಳಲ್ಲಿ @ ಎಂಬ ಗುರುತು ಬಹಳ ಹಳೆಯದು. ಸರಕಿನ ಪ್ರಮಾಣದ ಮುಂದೆ ಅದರ ದರವನ್ನು ಸೂಚಿಸಲು ಅದನ್ನು ಬಳಸುತ್ತಿದ್ದರು. ಇಂದಿಗೂ ನಾವು ದೂರವಾಣಿಯಲ್ಲಿ ಇಮೇಲ್ ವಿಳಾಸ ಹೇಳುವಾಗ ‘ಅಟ್ ದಿ ರೇಟ್’ ಎನ್ನುವುದು ಆ ಬಳಕೆಯ ಉಳಿಕೆ. ಈ ಗುರುತಿಗೆ ಎರಡನೆಯ ಜನ್ಮ ಕೊಟ್ಟವರು ಅಮೆರಿಕದ ರೇ ಟಾಮ್ಲಿನ್‌ಸನ್. 1971ರಲ್ಲಿ ಅವರು ಅರ್ಪಾನೆಟ್ ಜಾಲದ ಒಂದು ಗಣಕದಿಂದ ಇನ್ನೊಂದಕ್ಕೆ ಪತ್ರ ಕಳಿಸುವ ವ್ಯವಸ್ಥೆಯನ್ನು ರೂಪಿಸಿದಾಗ, ವ್ಯಕ್ತಿಯ ಹೆಸರನ್ನೂ ಗಣಕದ ಹೆಸರನ್ನೂ ಬೇರ್ಪಡಿಸಲು ಒಂದು ಚಿಹ್ನೆ ಬೇಕಿತ್ತು. ಯಾರ ಹೆಸರಿನಲ್ಲೂ ಬಾರದ ಗುರುತೆಂದು @ ಅನ್ನು ಆರಿಸಿಕೊಂಡರು. ಮುಂದೆ ವಿಳಾಸಗಳ್ಳರಿಗೆ ದಾರಿ ತೋರಿದ್ದೂ ಇದೇ ಗುಣ.

ಮೊದಲ ವಿಳಾಸಸಂಗ್ರಹಕ್ಕೆ ಯಾವ ತಂತ್ರಾಂಶವೂ ಬೇಕಾಗಲಿಲ್ಲ. 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥುರ್ಕ್ ತಮ್ಮ ಸಂಸ್ಥೆಯ ಹೊಸ ಗಣಕಗಳ ಪ್ರದರ್ಶನಕ್ಕೆ ಆಹ್ವಾನ ನೀಡುವ ಒಂದೇ ಪತ್ರವನ್ನು ಸುಮಾರು 400 ಮಂದಿಗೆ ಕಳಿಸಿದರು. ಅರ್ಪಾನೆಟ್ ಬಳಕೆದಾರರ ಅಚ್ಚಾದ ವಿಳಾಸ ಪುಸ್ತಕವನ್ನು ನೋಡಿಕೊಂಡು ವಿಳಾಸಗಳನ್ನು ಕೈಯಿಂದಲೇ ಬೆರಳಚ್ಚು ಮಾಡಲಾಗಿತ್ತು. ಪರಸ್ಪರ ಸಂಪರ್ಕಕ್ಕೆಂದು ಮಾಡಿದ ಪಟ್ಟಿಯು ಮಾರಾಟಕ್ಕೂ ಒದಗೀತೆಂಬುದು ಅಂದೇ ತಿಳಿಯಿತು.

1990ರ ದಶಕದಲ್ಲಿ ಜಾಲತಾಣಗಳು ಹೆಚ್ಚಿದಂತೆ ಆ ಕೈಕೆಲಸ ಯಂತ್ರದ ಪಾಲಾಯಿತು. ಪುಟದಿಂದ ಪುಟಕ್ಕೆ ಕೊಂಡಿಗಳನ್ನು ಹಿಡಿದು ಸಾಗುವ ತಂತ್ರಾಂಶವು @ ಕಂಡಲ್ಲಿ ನಿಂತು, ಅದರ ಎಡಬಲದ ಅಕ್ಷರಗಳನ್ನು ಹೆಕ್ಕಿ ಪಟ್ಟಿಗೆ ಸೇರಿಸುತ್ತಿತ್ತು. ಪುಟದಲ್ಲಿ ಏನು ಬರೆದಿದೆ ಎಂದು ಅದಕ್ಕೆ ಅರ್ಥವಾಗಬೇಕಿರಲಿಲ್ಲ, ಗುರುತೊಂದೇ ಸಾಕಿತ್ತು.

ಆದುದರಿಂದ ರಕ್ಷಣೆಯ ಉಪಾಯಗಳೆಲ್ಲ ಆ ಗುರುತನ್ನು ಮರೆಮಾಡುವ ಉಪಾಯಗಳೇ ಆದವು. ಕೆಲವರು ಅದರ ಬದಲು ‘ಅಟ್’ ಎಂದೂ ಚುಕ್ಕಿಯ ಬದಲು ‘ಡಾಟ್’ ಎಂದೂ ಬರೆದರು. ಕೆಲವರು ಅದರ ಸಂಕೇತಸಂಖ್ಯೆಯಾದ 64 ಅನ್ನು ಪುಟದ ಮೂಲದಲ್ಲಿರಿಸಿ, ಓದುವವರ ಪರದೆಯ ಮೇಲೆ ಮಾತ್ರ ಗುರುತು ಮೂಡುವಂತೆ ಮಾಡಿದರು. ಇನ್ನು ಕೆಲವರು ವಿಳಾಸವನ್ನೇ ಚಿತ್ರವಾಗಿಸಿದರು. ಸೆಂಟರ್ ಫಾರ್ ಡೆಮಾಕ್ರಸಿ ಅಂಡ್ ಟೆಕ್ನಾಲಜಿ ಎಂಬ ಅಮೆರಿಕದ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಂತಹ ಉಪಾಯಗಳ ಫಲವನ್ನು ತೋರಿಸಿತು. ಅದಕ್ಕೆಂದೇ ಸೃಷ್ಟಿಸಿದ ನೂರಾರು ವಿಳಾಸಗಳ ಪೈಕಿ, ಜಾಲತಾಣಗಳಲ್ಲಿ ಬಯಲಾಗಿ ಇಟ್ಟವುಗಳಿಗೇ ಕಸದ ಅಂಚೆಯ ಬಹುಪಾಲು ಬಂದಿತ್ತು. ಮರೆಮಾಡಿದವುಗಳಿಗೆ ಒಂದೂ ಬಂದಿರಲಿಲ್ಲ.

ನಮ್ಮ ಸರ್ಕಾರಿ ಜಾಲತಾಣಗಳಲ್ಲಿಯೂ ಆವರಣದೊಳಗಿನ ‘ಅಟ್’ ಮತ್ತು ‘ಡಾಟ್’ ಇಂದು ಸಾಮಾನ್ಯ ದೃಶ್ಯ. ಆದರೆ ಈ ಮುಸುಕಿನ ಬೆಲೆಯನ್ನು ತೆರುವವರು ಯಾರೆಂದು ನಾವು ಕೇಳಿಕೊಳ್ಳಬೇಕು. ಪಿಂಚಣಿ ನಿಂತುಹೋದ ವೃದ್ಧರೊಬ್ಬರು ವಿಳಾಸವನ್ನು ಕಂಡಂತೆಯೇ ನಕಲು ಮಾಡಿ ಅರ್ಜಿ ಕಳಿಸಿದರೆ ಅದು ಮುಟ್ಟುವುದಿಲ್ಲ. ಪರದೆಯ ಪಠ್ಯವನ್ನು ಓದಿ ಹೇಳುವ ತಂತ್ರಾಂಶವನ್ನು ನಂಬಿದ ಅಂಧ ಓದುಗರಿಗೆ, ಪರ್ಯಾಯ ಪಠ್ಯವಿಲ್ಲದ ಚಿತ್ರವು ಏನನ್ನೂ ಹೇಳುವುದಿಲ್ಲ. ಕಳ್ಳನಿಗೆಂದು ಹಾಕಿದ ಅಗುಳಿ ಅತಿಥಿಯನ್ನೂ ಹೊರಗೆ ನಿಲ್ಲಿಸುತ್ತದೆ. ಇತ್ತ ಯಂತ್ರವೂ ಸುಮ್ಮನೆ ಕುಳಿತಿಲ್ಲ. ‘ಅಟ್’ ಅನ್ನು ಮತ್ತೆ @ ಆಗಿಸಲು ಅದಕ್ಕೆ ಒಂದೆರಡು ಸಾಲಿನ ಸೂಚನೆ ಸಾಕು.

ಇನ್ನೊಂದು ದಾರಿಯೂ ಇತಿಹಾಸದಲ್ಲಿದೆ. 2002ರಲ್ಲಿ ಪಾಲ್ ಗ್ರಹಾಂ ಒಂದು ಲೇಖನದಲ್ಲಿ, ಹದಿನೆಂಟನೆಯ ಶತಮಾನದ ಪಾದ್ರಿ ಥಾಮಸ್ ಬೇಯ್ಸ್ ಅವರ ಸಂಭವನೀಯತೆಯ ಗಣಿತವನ್ನು ಬಳಸಿ, ಪತ್ರದಲ್ಲಿನ ಪದಗಳಿಂದಲೇ ಕಸವನ್ನು ಗುರುತಿಸುವ ವಿಧಾನವನ್ನು ವಿವರಿಸಿದರು. ಅಲ್ಲಿಂದ ಮುಂದೆ ಇಂತಹ ಜರಡಿಗಳು ವ್ಯಾಪಕವಾದವು. ಜರಡಿಯೂ ಒಮ್ಮೊಮ್ಮೆ ಕಾಳನ್ನು ಹೊಟ್ಟಿನೊಡನೆ ಎಸೆಯುತ್ತದೆ, ನಿಜ. ಆದರೆ ಅಲ್ಲಿ ಶ್ರಮ ಪತ್ರ ಬರೆಯುವವರದಲ್ಲ, ಪಡೆಯುವವರದು. ಖಾಸಗಿ ವ್ಯಕ್ತಿ ತನ್ನ ವಿಳಾಸಕ್ಕೆ ಮುಸುಕು ಹಾಕಿಕೊಳ್ಳಲಿ, ಅದು ಅವರ ಹಕ್ಕು. ಸಾರ್ವಜನಿಕ ಕಚೇರಿಯಾದರೋ ವಿಳಾಸವನ್ನು ಬಯಲಲ್ಲಿರಿಸಿ, ಬಂದುದನ್ನು ಒಳಗೆ ಕುಳಿತು ಜರಡಿ ಹಿಡಿಯುವುದೇ ನ್ಯಾಯವೆಂದು ನಮಗೆ ತೋರುತ್ತದೆ.