ಕಲ್ಲಿನೊಳಗಿನ ಕಾಣದ ಕೋಣೆಗಳು

ನೆಲದಡಿಯ ಎಣ್ಣೆ ಮತ್ತು ಅನಿಲವನ್ನು ಹುಡುಕುವವರಲ್ಲಿ ಬಹುಕಾಲ ಒಂದು ನಂಬಿಕೆ ಬೇರೂರಿತ್ತು. ಮರಳುಶಿಲೆ, ಸುಣ್ಣಶಿಲೆಗಳು ಉಗ್ರಾಣವಾದರೆ ಶೇಲ್ ಎಂಬ ಕಪ್ಪು ಪದರಗಲ್ಲು ಅದರ ಮುಚ್ಚಳ. ಪ್ರಾಚೀನ ಸಮುದ್ರಗಳ ತಳದಲ್ಲಿ ನುಣ್ಣನೆಯ ಕೆಸರು ಕೂತು, ಕೋಟಿಗಟ್ಟಲೆ ವರ್ಷಗಳ ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದ ಕಲ್ಲು ಇದು. ಸತ್ತ ಪಾಚಿ, ಸೂಕ್ಷ್ಮಜೀವಿಗಳ ಅವಶೇಷವೂ ಅದರಲ್ಲಿ ಬೆರೆತಿರುವುದರಿಂದ ಎಣ್ಣೆ, ಅನಿಲ ಹುಟ್ಟುವುದು ಅಲ್ಲಿಯೇ ಎಂಬುದು ಗೊತ್ತಿತ್ತು. ಆದರೆ ಹುಟ್ಟಿದ್ದರಲ್ಲಿ ಬಹುಪಾಲು ಪಕ್ಕದ ಶಿಲೆಗಳಿಗೆ ಸೋರಿಹೋಗುತ್ತದೆ, ಉಳಿದದ್ದು ಕೈಗೆ ಹತ್ತುವುದಿಲ್ಲ ಎಂದೇ ಭಾವಿಸಲಾಗಿತ್ತು.

ವಿಚಿತ್ರವೆಂದರೆ, ಅಮೆರಿಕದ ಅನಿಲ ಉದ್ಯಮದ ಮೊದಲ ದೀಪ ಹೊತ್ತಿದ್ದು ಶೇಲ್‌ನಿಂದಲೇ. 1821ರಲ್ಲಿ ನ್ಯೂಯಾರ್ಕ್ ರಾಜ್ಯದ ಫ್ರೆಡೋನಿಯಾ ಎಂಬ ಊರಿನಲ್ಲಿ ವಿಲಿಯಂ ಹಾರ್ಟ್ ಎಂಬಾತ ಹಳ್ಳದ ಬದಿಯಲ್ಲಿ ಸುಮಾರು 27 ಅಡಿ ಬಾವಿ ತೋಡಿದ. ಕಲ್ಲಿನ ಸಹಜ ಬಿರುಕುಗಳಿಂದ ಬಂದ ಅನಿಲ ಊರಿಗೆ ಬೆಳಕಾಯಿತು. ಆದರೆ ಮುಂದೆ ಮರಳುಶಿಲೆಯ ಬಾವಿಗಳು ಧಾರಾಳವಾಗಿ ಕೊಡತೊಡಗಿದಾಗ ಶೇಲ್ ಹಿಂದೆ ಸರಿಯಿತು.

ಅದನ್ನು ಮತ್ತೆ ಮುಂದೆ ತಂದವರಲ್ಲಿ ಟೆಕ್ಸಾಸ್‌ನ ಜಾರ್ಜ್ ಮಿಚೆಲ್ ಪ್ರಮುಖ. ಗ್ರೀಸ್‌ನಿಂದ ವಲಸೆ ಬಂದ ಬಡ ಕುಟುಂಬದ ಈ ಮಗನ ಕಂಪನಿ 1981ರಲ್ಲಿ ಬಾರ್ನೆಟ್ ಶೇಲ್‌ನಲ್ಲಿ ಮೊದಲ ಬಾವಿ ಕೊರೆಯಿತು. ಮೂವತ್ತು ಕೋಟಿ ವರ್ಷಕ್ಕೂ ಹಳೆಯ ಆ ಕಲ್ಲು ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿತ್ತು. ಅಧಿಕ ಒತ್ತಡದಲ್ಲಿ ದ್ರವ ನುಗ್ಗಿಸಿ ಕಲ್ಲನ್ನು ಸೀಳಬೇಕು, ಸೀಳು ಮುಚ್ಚದಂತೆ ಮರಳು ತುಂಬಬೇಕು. ಮಂದವಾದ ದುಬಾರಿ ಲೋಳೆದ್ರವ ಬಳಸಿ ವರ್ಷಗಟ್ಟಲೆ ಪ್ರಯತ್ನಿಸಿದರೂ ಲಾಭ ಕಾಣಲಿಲ್ಲ. 1998ರಲ್ಲಿ ಕಂಪನಿಯ ಎಂಜಿನಿಯರುಗಳು ಹೆಚ್ಚುಕಡಿಮೆ ಬರಿಯ ನೀರನ್ನೇ ಬಳಸಿ ನೋಡಿದಾಗ ಬಾವಿ ಒಲಿಯಿತು. ಅದೇ ಸುಮಾರಿಗೆ ಕಲ್ಲಿನ ಮಾದರಿಗಳನ್ನು ಮತ್ತೆ ಅಳೆದಾಗ, ಅದರಲ್ಲಿರುವ ಅನಿಲ ಹಿಂದಿನ ಅಂದಾಜಿಗಿಂತ ಎಷ್ಟೋ ಪಾಲು ಹೆಚ್ಚೆಂದು ತಿಳಿಯಿತು.

ಹಾಗಾದರೆ ಇಷ್ಟು ಅನಿಲ ಅಡಗಿದ್ದು ಎಲ್ಲಿ? ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಈ ಕಲ್ಲಿನಲ್ಲಿ ರಂಧ್ರವೇ ಕಾಣುತ್ತಿರಲಿಲ್ಲ. ನುಣುಪುಗೊಳಿಸಲು ಉಜ್ಜಿದರೆ ಮೇಲ್ಮೈ ಕಿತ್ತುಬಂದು, ಇದ್ದ ರಂಧ್ರ ಯಾವುದು, ಉಜ್ಜಿದ್ದರಿಂದ ಆದದ್ದು ಯಾವುದು ಎಂದು ತಿಳಿಯುತ್ತಿರಲಿಲ್ಲ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ರಾಬರ್ಟ್ ಲೌಕ್ಸ್, ರಾಬರ್ಟ್ ರೀಡ್ ಮತ್ತು ಸಂಗಡಿಗರು ಆರ್ಗಾನ್ ಅಯಾನುಗಳ ಕಿರಣದಿಂದ ಕಲ್ಲನ್ನು ಸವರಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟರು. 2009ರಲ್ಲಿ ಪ್ರಕಟವಾದ ಅವರ ಚಿತ್ರಗಳಲ್ಲಿ ಬಾರ್ನೆಟ್ ಶಿಲೆ ಜೇನುಗೂಡಿನಂತೆ ತೆರೆದುಕೊಂಡಿತು. ರಂಧ್ರಗಳ ಗಾತ್ರ ಸುಮಾರು 100 ನ್ಯಾನೋಮೀಟರಿನ ಆಸುಪಾಸು. ಅಂದರೆ ತಲೆಗೂದಲಿನ ದಪ್ಪದ ನೂರಾರರಲ್ಲಿ ಒಂದು ಪಾಲು. ಅವುಗಳಲ್ಲಿ ಹೆಚ್ಚಿನವು ಇದ್ದದ್ದು ಖನಿಜದ ಕಣಗಳ ನಡುವೆ ಅಲ್ಲ, ಜೀವಿಗಳ ಅವಶೇಷದ ತುಣುಕುಗಳ ಒಳಗೆ.

ಇದಕ್ಕೆ ಕಾರಣ ಭೂಮಿಯ ಕಾವು. ಕಲ್ಲು ಆಳಕ್ಕೆ ಇಳಿದಂತೆ ಜೈವಿಕ ವಸ್ತು ಬೆಂದು ಮೊದಲು ಎಣ್ಣೆಯಾಗಿ, ಶಾಖ ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟುವಾಗ ಅನಿಲವಾಗಿ ಬಿಡುಗಡೆಯಾಗುತ್ತದೆ. ಬಿಟ್ಟುಹೋದ ಜಾಗವೇ ರಂಧ್ರ. ಅನಿಲ ತನ್ನ ಮನೆಯನ್ನು ತಾನೇ ಕೊರೆದುಕೊಂಡಿತು ಎನ್ನಬಹುದು. ಅರೆಬೆಂದ ಕಲ್ಲಿನಲ್ಲಿ ಇಂಥ ರಂಧ್ರಗಳು ವಿರಳ. ಅತಿಯಾಗಿ ಬೆಂದರೆ ಇದ್ದವೂ ಕುಗ್ಗುತ್ತವೆ. ಕಲ್ಲಿನ ಕೂಡಿಕೆಯೂ ಮುಖ್ಯ. ಗಡುಸಾದ ಬೆಣಚಿನ ಅಂಶ ಹೆಚ್ಚಿದ್ದರೆ ಅದು ಕಂಬದಂತೆ ಭಾರ ಹೊತ್ತು ರಂಧ್ರಗಳನ್ನು ಕಾಯುತ್ತದೆ, ಒತ್ತಡ ಹಾಕಿದಾಗ ಚೆನ್ನಾಗಿ ಸೀಳುತ್ತದೆ. ಮೆದುವಾದ ಜೇಡಿ ಹೆಚ್ಚಿದ್ದರೆ ಕಲ್ಲು ಅಮುಕಿಕೊಂಡು ರಂಧ್ರ ಮುಚ್ಚುತ್ತದೆ. ಒಂದಷ್ಟು ಅನಿಲ ರಂಧ್ರದಲ್ಲಿ ಬಿಡಿಯಾಗಿದ್ದರೆ, ಉಳಿದದ್ದು ಅದರ ಗೋಡೆಗೆ ಅಂಟಿಕೊಂಡಿರುತ್ತದೆ. ರಂಧ್ರ ಕಿರಿದಾದಷ್ಟೂ ಒಟ್ಟು ಗೋಡೆಯ ವಿಸ್ತಾರ ಹೆಚ್ಚು, ಆದರೆ ಹೊರಬರುವ ದಾರಿ ಇಕ್ಕಟ್ಟು.

ಈ ಲೆಕ್ಕ ತಪ್ಪಿದರೆ ದೇಶಗಳೇ ಬೆಲೆ ತೆರುತ್ತವೆ. ರಷ್ಯಾದ ಅನಿಲವನ್ನು ನೆಚ್ಚಿದ್ದ ಪೋಲೆಂಡಿನ ಶೇಲ್‌ನಲ್ಲಿ ಸುಮಾರು 5.3 ಲಕ್ಷ ಕೋಟಿ ಘನ ಮೀಟರ್ ಅನಿಲ ತೆಗೆಯಬಹುದೆಂದು 2011ರಲ್ಲಿ ಅಮೆರಿಕದ ಇಂಧನ ಮಾಹಿತಿ ಸಂಸ್ಥೆ ಅಂದಾಜು ಮಾಡಿತ್ತು. ಮರುವರ್ಷ ಪೋಲೆಂಡಿನ ಭೂವಿಜ್ಞಾನ ಸಂಸ್ಥೆ ಅದರ ಸಣ್ಣ ಪಾಲನ್ನಷ್ಟೇ ಒಪ್ಪಿತು. ಬಾವಿ ಕೊರೆದಾಗ ಜೇಡಿ ಹೆಚ್ಚಿದ್ದ ಆ ಕಲ್ಲಿನಿಂದ ಸಾಕಷ್ಟು ಅನಿಲ ಹರಿಯಲಿಲ್ಲ. ವಿದೇಶಿ ಕಂಪನಿಗಳು ಒಂದೊಂದಾಗಿ ಹಿಂತಿರುಗಿದವು. ಭಾರತದಲ್ಲೂ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ದುರ್ಗಾಪುರದ ಬಳಿ ಓಎನ್‌ಜಿಸಿ ಬಾವಿಯಲ್ಲಿ ಶೇಲ್ ಅನಿಲ ಕಾಣಿಸಿಕೊಂಡಿತು. ಆದರೆ ಅಮೆರಿಕದಂಥ ಉದ್ಯಮ ಇಲ್ಲಿ ಬೆಳೆಯಲಿಲ್ಲ.

ಅಮೆರಿಕದಲ್ಲಿ ಇಂದು ಉತ್ಪಾದನೆಯಾಗುವ ಅನಿಲದ ಮುಕ್ಕಾಲು ಪಾಲಿನಷ್ಟು ಶೇಲ್‌ನದೇ. ಆದರೂ ಅಲ್ಲಿನ ಬಾವಿಯ ಇಳುವರಿ ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಹೆಚ್ಚು ಕುಸಿಯುವುದು ಸಾಮಾನ್ಯ. ಸೀಳಿನ ಅಂಚಿನ ಅನಿಲ ಬೇಗ ಬಂದುಬಿಡುತ್ತದೆ. ಒಳಗಿನದು ಸೂಕ್ಷ್ಮರಂಧ್ರಗಳನ್ನು ಹಾದು ತೆವಳುತ್ತಾ ಬರಬೇಕು. ಹಾಗಾಗಿ ಮತ್ತೆ ಹೊಸ ಬಾವಿ, ಮತ್ತೆ ಲಕ್ಷಾಂತರ ಲೀಟರ್ ನೀರು. ಕಲ್ಲು ಕಪ್ಪಗಿದೆ ಎಂದ ಮಾತ್ರಕ್ಕೆ ಅನಿಲದ ಕನಸು ಕಾಣುವ ಮುನ್ನ, ಆ ಕಲ್ಲು ಎಷ್ಟು ಬೆಂದಿದೆ, ಯಾವುದರಿಂದ ಕೂಡಿದೆ, ಅದರೊಳಗಿನ ಕೋಣೆಗಳಿಗೆ ಬಾಗಿಲಿದೆಯೇ ಎಂದು ನೋಡಬೇಕಾದ್ದು ಇದಕ್ಕಾಗಿಯೇ.